ಕಾಯುವವರಿಲ್ಲದ ಕುರಿಗಳ ದೇಶದಲ್ಲಿ

ಕಾನಹೊಸಹಳ್ಳಿ, ಹೊರಡುವ ಮೊದಲು

ನಾನು ಐಸ್‌ಲ್ಯಾಂಡಿಗೆ ಹೋದದ್ದು ದೇಶ ನೋಡಲಿಕ್ಕಲ್ಲ, ಜಗಳ ಆಡಲಿಕ್ಕೆ. ಜಗಳ ಆಡಬೇಕಾಗಿದ್ದ ಮನುಷ್ಯ ನಮ್ಮ ಓಣಿಯಲ್ಲೇ ಇದ್ದ. ಆದರೆ ಊರಲ್ಲಿ ಅವನು ಕೈಗೆ ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆಯುವುದೇ ತಡ, ಕುರಿಗೆ ನೀರು ಕುಡಿಸಬೇಕು ಎಂದು ಎದ್ದು ಟವೆಲ್ ಕೊಡವಿಕೊಂಡು ಹೋಗಿಬಿಡುತ್ತಿದ್ದ.

ಅವನು ನಮ್ಮ ದೊಡ್ಡಪ್ಪ, ಮೈಲಾರಪ್ಪ. ನಮ್ಮಪ್ಪನ ಅಣ್ಣ. ಮಳೆಗಾಲ ಮುಗಿದ ಮೇಲೆ ನಮ್ಮೂರಿನ ಹತ್ತಾರು ಮನೆಗಳ ಕುರಿ ಒಂದೇ ಹಿಂಡಾಗಿ ಕೂಡ್ಲಿಗಿಯ ಒಣ ನೆಲ ಬಿಟ್ಟು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಳೆಸಾಲಿಗೆ ಹೋಗುತ್ತವೆ. ಅಲ್ಲಿನ ರೈತರು ಗೊಬ್ಬರದ ಆಸೆಗೆ ತಮ್ಮ ಹೊಲದಲ್ಲಿ ಕುರಿ ಕೂಡಿಹಾಕಿಸಿಕೊಂಡು ಜೋಳ ಕೊಡುತ್ತಾರೆ. ಜೊತೆಗೆ ಐದಾರು ಜನ ಕುರಿಗಾರರು. ಅವರಿಗೆಲ್ಲ ಹಿರಿಯ ದೊಡ್ಡಪ್ಪ. ಹಿಂಡು ಎಲ್ಲಿ ಇಳಿಯಬೇಕು, ಯಾವಾಗ ಏಳಬೇಕು, ಎಲ್ಲ ಅವನ ಬಾಯಿ ಮಾತು.

ಒಂದು ವರ್ಷ ನನ್ನ ತಮ್ಮ ಬೀರೇಶ ಅವನ ಜೊತೆ ಹೋದ. ಹಂಪಸಾಗರ ದಾಟಿ ಇಟ್ಟಿಗಿ ಕಡೆಗೆ ನಡೆಯುವಾಗ ಗಬ್ಬದ ಕುರಿಯೊಂದು ತಗ್ಗಿಗೆ ಬಿದ್ದು ಕಾಲು ಮುರಿದುಕೊಂಡಿತು. ನಮ್ಮ ಕುರಿಗಾರರಲ್ಲಿ ಒಂದು ಕಟ್ಟಳೆ ಇದೆ. ಬಿದ್ದ ಕುರಿಯನ್ನು ಒಂಟಿಯಾಗಿ ಬಿಡಬಾರದು. ಹತ್ತಿರ ಯಾರಿದ್ದಾರೋ ಅವರು ಅದರ ಜೊತೆ ಕೂರಬೇಕು. ಬಿಟ್ಟರೆ ತೋಳದ ಪಾಲು. ಅವತ್ತು ಹತ್ತಿರ ಇದ್ದವನು ಬೀರೇಶ. ಅವನು ಕೂತ. ಉಳಿದವರು ಹಿಂಡು ಹೊಡೆದುಕೊಂಡು ಮುಂದೆ ಹೋದರು, ಇಟ್ಟಿಗಿಯಲ್ಲಿ ರೈತ ಕಾಯುತ್ತಿದ್ದ. ಸಂಜೆ ಮಳೆ ಹಿಡಿಯಿತು. ವಾಪಸು ಯಾರೂ ಹೋಗಲಿಲ್ಲ. ಮರುದಿನ ಹೋದಾಗ ನನ್ನ ತಮ್ಮ ಹಾವು ಕಚ್ಚಿ ಸತ್ತುಬಿದ್ದಿದ್ದ. ಕುರಿ ಮಾತ್ರ ಅವನ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು.

ಪಂಚನಾಮೆಗೆ ಬಂದಿದ್ದವನೊಬ್ಬ ಕೇಳಿದ ಮೊದಲ ಮಾತು, "ಎಷ್ಟು ಕುರಿ ಹೋದ್ವು?" ದೊಡ್ಡಪ್ಪ ಕೈ ಮುಗಿದು ಹೇಳಿದ, "ಒಂದೂ ಹೋಗಿಲ್ರಿ, ಎಲ್ಲಾ ಅದಾವ." ನಾನು ಅಲ್ಲೇ ನಿಂತಿದ್ದೆ. ಆ ಮಾತು ಕೇಳಿ ನನ್ನ ಎದೆಯಲ್ಲಿ ಹೊತ್ತಿದ ಬೆಂಕಿ ಆಮೇಲೆ ಆರಿದ್ದೇ ಇಲ್ಲ.

ನನ್ನದು ಒಂದೇ ಪ್ರಶ್ನೆ: ಆ ಸಂಜೆ ಹಿಂಡು ನಿಲ್ಲಿಸಿ ಯಾಕೆ ವಾಪಸು ಹೋಗಲಿಲ್ಲ? ಅವನದೂ ಒಂದೇ ಉತ್ತರ. "ಹಿಂಡು ನಿಲ್ಲಂಗಿಲ್ಲವ್ವ." ಹೇಳಿ ಎದ್ದು ಹೋಗುವುದು.

ಹೀಗಿರುವಾಗ ನಮ್ಮ ಕಂಬಳಿ ನೇಕಾರರ ಸಂಘಕ್ಕೆ ಐಸ್‌ಲ್ಯಾಂಡಿನ ಉಣ್ಣೆ ಕೆಲಸದವರಿಂದ ಕರೆ ಬಂತು. ಕುರಿ ಬಲ್ಲವರೊಬ್ಬರು, ಇಂಗ್ಲಿಷ್ ಬಲ್ಲವರೊಬ್ಬರು ಬನ್ನಿ, ನಮ್ಮ ಕುರಿ ಇಳಿಸುವ ಹಬ್ಬ ನೋಡಿ ಎಂದು. ಆಗಿನ್ನೂ ನಮ್ಮಲ್ಲಿ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡುವ ಕಾಲ. ಕುರಿ ಬಲ್ಲವನೆಂದು ಎಲ್ಲರೂ ದೊಡ್ಡಪ್ಪನ ಹೆಸರು ಹೇಳಿದರು. ಕೊಟ್ಟೂರಲ್ಲಿ ಪಿಯುಸಿ ಓದಿದವಳು ಸಂಘದಲ್ಲಿ ನಾನೊಬ್ಬಳೇ. ಒಲ್ಲೆ ಅನ್ನಬಹುದಿತ್ತು. ಆಮೇಲೆ ಯೋಚಿಸಿದೆ: ಅದು ನಡುಗಡ್ಡೆ. ಸುತ್ತ ಸಮುದ್ರ. ಅಲ್ಲಿ ಯಾವ ಕುರಿಗೆ ನೀರು ಕುಡಿಸಲು ಎದ್ದು ಹೋಗುತ್ತಾನೋ ನೋಡೇಬಿಡೋಣ. ಹೂಂ ಅಂದೆ.

ವಿಮಾನ ನಿಲ್ದಾಣದಲ್ಲಿ ಒಂದು ಕಂಬಳಿ

ಇಳಿದ ಕೂಡಲೇ ಮೊದಲ ರಾದ್ಧಾಂತ. ದೊಡ್ಡಪ್ಪನ ಹೆಗಲ ಮೇಲಿನ ಕಂಬಳಿಯನ್ನು ಅಲ್ಲಿನ ಅಧಿಕಾರಿ ಎರಡು ಬೆರಳಲ್ಲಿ ಎತ್ತಿದ. ಇದು ಕುರಿಗಳ ಜೊತೆ ಇದ್ದ ಬಟ್ಟೆಯೇ ಎಂದು ಕೇಳಿದ. ಹೌದು, ಮತ್ತಿನ್ನೇನು ಆನೆಯ ಜೊತೆ ಇರುತ್ತದೆಯೇ? ನಮ್ಮ ದೇಶದ ಕುರಿಗಳಿಗೆ ರೋಗ ತಗುಲುತ್ತದೆ, ಒಳಗೆ ಬಿಡುವುದಿಲ್ಲ ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ ಅಷ್ಟೇ, ದೊಡ್ಡಪ್ಪ ಆ ಫಳಫಳ ಹೊಳೆಯುವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ.

"ನನ್ನ ಕಂಬಳಿಗೆ ರೋಗ ಅಂತಾನಾ? ಅವನ ಸೂಟಿಗೆ ಐತಿ ರೋಗ! ಕಂಬಳಿ ಇಲ್ದ ನಾನು ಒಂದು ಹೆಜ್ಜಿ ಇಡಂಗಿಲ್ಲ. ಹೇಳು ಅವಂಗ."

"ನೀನ ಹೇಳು," ಅಂದೆ. ಅವನ ಪರವಾಗಿ ಮಾತಾಡುವ ಕರ್ಮ ನನಗೇಕೆ?

ಜನ ಸುತ್ತ ಹರಿದು ಹೋಗುತ್ತಿದ್ದರು. ಯಾರೂ ನಿಂತು ನೋಡಲಿಲ್ಲ, ಯಾರೂ ಏನಾಯಿತೆಂದು ಕೇಳಲಿಲ್ಲ. ನಮ್ಮ ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೀಗೆ ಕೂತಿದ್ದರೆ ಇಷ್ಟೊತ್ತಿಗೆ ಎರಡು ಪಕ್ಷ ಆಗಿ, ಒಬ್ಬ ಹಿರಿಯ ನ್ಯಾಯ ಹೇಳಿ, ಒಬ್ಬ ಚಹಾ ತರಿಸಿರುತ್ತಿದ್ದ. ಕೊನೆಗೆ ಅಧಿಕಾರಿಯೇ ಸೋತ. ಕಂಬಳಿ ಒಯ್ದು, ಔಷಧಿಯಲ್ಲಿ ಅದ್ದಿ, ಯಂತ್ರದಲ್ಲಿ ಒಣಗಿಸಿ ತಂದುಕೊಟ್ಟ. ಆಸ್ಪತ್ರೆಯ ನೆಲದ ವಾಸನೆ ಹೊಡೆಯುತ್ತಿತ್ತು. ದೊಡ್ಡಪ್ಪ ಮೂಸಿ ನೋಡಿ, "ಹೆಣದ ಮ್ಯಾಲಿನ ಬಟ್ಟಿ ಆತು," ಎಂದು ಗೊಣಗುತ್ತಲೇ ಹೊದ್ದುಕೊಂಡ.

ಸಿಗ್ರುನ್ ಮನೆ

ನಮ್ಮನ್ನು ಮನೆಯಲ್ಲಿಟ್ಟುಕೊಂಡವಳು ಸಿಗ್ರುನ್. ನನಗಿಂತ ಹತ್ತು ವರ್ಷ ಹಿರಿಯಳಿರಬಹುದು. ಗಂಡಸಿನಂಥ ಭುಜ, ಗಾಳಿಗೆ ಒಡೆದ ಕೆನ್ನೆ. ಸುತ್ತಲ ಹಳ್ಳಿಗಳವರೆಲ್ಲ ಸೇರಿ ಬೆಟ್ಟದ ಕುರಿ ಇಳಿಸುವಾಗ ಅದಕ್ಕೆ ಯಜಮಾನಿ ಆಕೆಯೇ. ಅವರ ಮಾತಿನಲ್ಲಿ ಬೆಟ್ಟದ ರಾಣಿ ಅನ್ನುತ್ತಾರಂತೆ. ರಾಣಿಯ ಬೂಟಿಗೆ ಸಗಣಿ ಹತ್ತಿತ್ತು, ಅದೊಂದು ನನಗೆ ಸಮಾಧಾನ.

ಆ ನೆಲವನ್ನು ಹೇಗೆ ಹೇಳಲಿ? ಕಲ್ಲು ನಮಗೆ ಹೊಸದಲ್ಲ. ಗುಡೇಕೋಟೆ ಕಡೆ ನೋಡಿದರೆ ಗುಂಡುಗಲ್ಲಿನ ಮೇಲೆ ಗುಂಡುಗಲ್ಲು. ಆದರೆ ಅಲ್ಲಿಯದು ಸೀದ ಬೆಲ್ಲದ ಪಾಕದಂತೆ ಕರ್ರಗೆ ಹರಿದು ಗಟ್ಟಿಯಾದ ಕಲ್ಲು, ಮೇಲೆ ಬೂದು ಪಾಚಿ. ಒಂದು ಮರವಿಲ್ಲ. ನಮ್ಮಲ್ಲಿ ಏನಿಲ್ಲದಿದ್ದರೂ ಜಾಲಿ ಇದೆ, ಕಾರಿಮುಳ್ಳಾದರೂ ಇದೆ. ಇಲ್ಲಿ ನೆರಳೆಂದರೆ ನಮ್ಮದೇ ನೆರಳು. ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತದೆ. ಮಾತಾಡಿದರೆ ಮಾತನ್ನೇ ಒಯ್ಯುತ್ತದೆ, ಅದಕ್ಕೇ ಇರಬೇಕು ಆ ಜನ ಮಾತು ಕಡಿಮೆ. ಹೌದು ಅನ್ನಬೇಕಾದಾಗಲೂ ಬಾಯಿ ತೆರೆದು ಹೇಳುವುದಿಲ್ಲ, ಉಸಿರು ಒಳಕ್ಕೆಳೆದು 'ಯೌ' ಅನ್ನುತ್ತಾರೆ. ಮೊದಲ ದಿನ ಸಿಗ್ರುನ್ ಹಾಗೆ ಉಸಿರೆಳೆದಾಗ ದೊಡ್ಡಪ್ಪ ಗಾಬರಿಯಾಗಿ, "ಏ ಕೆಂಚಿ, ಆಕೀಗೆ ಉಬ್ಬಸ ಐತೇನು ಕೇಳು," ಅಂದ.

ಬಿಸಿನೀರು ನೆಲದಿಂದಲೇ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಊರಿಗೊಂದು ಬಿಸಿನೀರಿನ ಕೊಳ, ಎಲ್ಲರೂ ಅಲ್ಲೇ ಕೂತು ಹರಟುವುದು. ಆದರೆ ಕೊಳಕ್ಕೆ ಇಳಿಯುವ ಮೊದಲು ಗಂಡಸರೆಲ್ಲ ಒಂದೇ ಕೋಣೆಯಲ್ಲಿ ಬತ್ತಲೆ ನಿಂತು ಸೋಪು ಹಚ್ಚಿ ತೊಳೆದುಕೊಳ್ಳಬೇಕು. ದೊಡ್ಡಪ್ಪ ಪಂಚೆ ಸುತ್ತಿಕೊಂಡೇ ಒಳಗೆ ಹೋದವನು ಬಾಣದಂತೆ ಹೊರಗೆ ಬಂದ. "ಹೆಂಡ್ತಿ ಮುಂದ ನಿಂತಿಲ್ಲ ನಾನು ಹಂಗ!" ಎಂದು ಇಡೀ ರಸ್ತೆಗೆ ಕೇಳುವಂತೆ ಕೂಗಿದ. ನನಗೆ ನಗು ಬಂತು. ಅವನ ಮುಂದೆ ನಗಬಾರದೆಂದು ತುಟಿ ಕಚ್ಚಿಕೊಂಡೆ.

ಊಟದ ವಿಷಯದಲ್ಲಿ ಮಾತ್ರ ಅವನಿಗೆ ಅಲ್ಲಿ ತವರು ಸಿಕ್ಕಂತಾಯಿತು. ಕುರಿಯ ತಲೆಯನ್ನು ಬೆಂಕಿಯಲ್ಲಿ ಸುಟ್ಟು ಕೂದಲು ತೆಗೆದು ಬೇಯಿಸಿ ಇಟ್ಟಿದ್ದಳು. ನಮ್ಮ ಮನೆಯ ಹಿತ್ತಲಲ್ಲಿ ಮಾಡುವ ಕೆಲಸವೇ. ಖಾರ ಒಂದು ಚೂರೂ ಇಲ್ಲ. ದೊಡ್ಡಪ್ಪ ಚೀಲದಿಂದ ಶೇಂಗಾ ಚಟ್ನಿ ತೆಗೆದು ತಲೆಮಾಂಸದ ಮೇಲೆ ಸುರಿದ. ಸಿಗ್ರುನ್ ಒಂದು ಚಿಟಿಕೆ ಬಾಯಿಗಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ಉಸಿರು ಒಳಕ್ಕೆಳೆದಳು.

ಜಗಳ ಶುರುವಾದದ್ದು ಊಟದ ಮೇಲೆ. ಕುರಿ ಎಲ್ಲಿ ಅಂದ ದೊಡ್ಡಪ್ಪ. ಬೆಟ್ಟದ ಮೇಲೆ ಅಂದಳು. ಯಾರು ಕಾಯುತ್ತಾರೆ ಅಂದ. ಯಾರೂ ಇಲ್ಲ, ಬೇಸಿಗೆ ಶುರುವಾದಾಗ ಬಿಟ್ಟು ಬರುತ್ತೇವೆ, ಚಳಿ ಬರುವ ಮೊದಲು ಹೋಗಿ ಹುಡುಕಿ ತರುತ್ತೇವೆ ಅಂದಳು. ದೊಡ್ಡಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ.

"ಯಾರೂ ಇಲ್ಲ? ಮರಿ ಹಾಕಿದ ಕುರಿ, ಅದರ ಮರಿ, ಎಲ್ಲಾ ಅಡವಿಗೆ ಬಿಟ್ಟು ಇವರು ಮನಿಯಾಗ ಹಾಸಿಗಿ ಮ್ಯಾಲೆ ಮಲಗ್ತಾರ?" ಮುಖ ಕೆಂಪಾಯಿತು. "ಕುರಿ ಅನ್ನೋದು ಇವರಿಗೆ ಹಿತ್ತಲ ಬದನಿಕಾಯೇನು, ಬಿಟ್ಟು ಬಂದು ಆಮ್ಯಾಲೆ ಕೀಳಾಕ? ತೋಳ ಬಂದ್ರ?"

"ಇಲ್ಲಿ ತೋಳ ಇಲ್ಲ," ಅಂದಳು ಸಿಗ್ರುನ್.

"ಇರಲಿ ಬಿಡಲಿ. ಕುರಿ ಬಿಟ್ಟವ ಕುರುಬ ಅಲ್ಲ."

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ನನ್ನ ಸಿಟ್ಟೇ ನನಗೆ ಬೇಕಾದಷ್ಟಿತ್ತು. ಕುರಿ ಬಿಟ್ಟವ ಕುರುಬ ಅಲ್ಲ ಅಂತೆ! ತಮ್ಮನ ಮಗನನ್ನು ಮಳೆಯಲ್ಲಿ ಬಿಟ್ಟು ಬಂದವನು ಯಾರು ಹಾಗಾದರೆ?

ಬೆಟ್ಟದ ಗುಡಿಸಲು

ಮರುದಿನ ಬೆಟ್ಟ ಹತ್ತಿದೆವು. ಕುದುರೆಯ ಮೇಲೆ ಕೆಲವರು, ನಡೆದು ಕೆಲವರು, ನಾಯಿಗಳು, ಹಿಂದೆ ಅಡಿಗೆ ಸಾಮಾನಿನ ಜೀಪು. ಹೊರಡುವ ಮೊದಲು ಸಿಗ್ರುನ್ ಎಲ್ಲರನ್ನೂ ನಿಲ್ಲಿಸಿ ಒಬ್ಬೊಬ್ಬರ ಹೆಗಲು ಮುಟ್ಟಿ ಎಣಿಸಿದಳು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮತ್ತೆ ಎಣಿಸಿದಳು. ಸಂಜೆ ಗುಡಿಸಲಿನ ಬಾಗಿಲಲ್ಲಿ ಮತ್ತೆ. ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಎಣಿಸುವುದು ಕುರಿಯನ್ನು. ದೊಡ್ಡಪ್ಪ ದಿನಾ ಸಂಜೆ ಹಟ್ಟಿಯ ಬಾಯಲ್ಲಿ ನಿಂತು ಜೋಡಿ ಜೋಡಿಯಾಗಿ ಎಣಿಸುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಈ ಹೆಂಗಸು ಕುರಿಗಳನ್ನು ಲೆಕ್ಕವಿಲ್ಲದೆ ಬೆಟ್ಟಕ್ಕೆ ಬಿಟ್ಟು ನಮ್ಮನ್ನು ಕುರಿ ಮಾಡಿದ್ದಾಳಲ್ಲ!

ಗುಡಿಸಲಲ್ಲಿ ಒಲೆಯ ಪಕ್ಕ ದೊಡ್ಡಪ್ಪ ಕೂತಿದ್ದ. ಉಳಿದವರು ಮೂಲೆಯಲ್ಲಿ ಏನೋ ಕುಡಿಯುತ್ತ ಹಾಡುತ್ತಿದ್ದರು. ಹೊರಗೆ ಗಾಳಿ, ಎದ್ದು ಹೋಗಲು ಜಾಗವಿಲ್ಲ. ನಾನು ಹೋಗಿ ಎದುರಿಗೆ ಕೂತೆ.

"ದೊಡ್ಡಪ್ಪ, ಈಗ ಹೇಳು. ಬೀರೇಶನ್ನ ಯಾಕ ಬಿಟ್ಟು ಬಂದಿ?"

ಅವನು ಒಲೆ ನೋಡಿದ. ಬಾಗಿಲು ನೋಡಿದ. ನೀರು ಕುಡಿಸಲು ಕುರಿಯೇ ಇಲ್ಲ ಪಾಪ.

"ಹಿಂಡು ನಿಲ್ಲಂಗಿಲ್ಲವ್ವ. ಮಳಿ ಬರಾಕತ್ತಿತ್ತು. ಅಷ್ಟು ಕುರಿ, ಹತ್ತು ಮನಿ ಜನರದ್ದು. ನಿಲ್ಲಿಸಿದ್ರ ದಿಕ್ಕಾಪಾಲಾಗ್ತಿದ್ವು. ನಮ್ಮಪ್ಪ ನಿಲ್ಲಿಸಿದ್ದಿಲ್ಲ, ಅವರಪ್ಪ ನಿಲ್ಲಿಸಿದ್ದಿಲ್ಲ. ಒಬ್ಬ ಕುಂದ್ರತಾನ, ಹಿಂಡು ನಡೀತೈತಿ. ಆ ನೆಲದಾಗ ಬದುಕೋದ ಹಂಗ. ನಾನು ಮಾಡಿದ್ದಲ್ಲ."

"ನೆಲದ ಮ್ಯಾಲೆ ಹಾಕಬ್ಯಾಡ!" ನನ್ನ ದನಿ ಏರಿತು. ಹಾಡು ನಿಂತಿತು. "ನೆಲಕ್ಕ ಕಾಲಿಲ್ಲ, ನಿನಗಿತ್ತು. ನೀನು ವಾಪಸು ಹೋಗಬಹುದಿತ್ತು."

ಅವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ. ಅಲ್ಲೂ ತಪ್ಪಿಸಿಕೊಂಡ. ಸಮುದ್ರ ದಾಟಿಸಿ ಕರೆತಂದರೂ ಅವನಿಗೆ ಅಡಗಲು ಒಂದು ಕಂಬಳಿ ಸಾಕಾಯಿತು.

ಮಂಜು

ಎರಡು ದಿನ ಕುರಿ ಕೂಡಿಸುತ್ತ ಇಳಿದೆವು. ಜನ ಉದ್ದಕ್ಕೆ ಸಾಲಾಗಿ ಹರಡಿ ನಡೆಯುವುದು, ಕಣಿವೆ ಕಣಿವೆಯಿಂದ ಕುರಿ ಎಬ್ಬಿಸಿ ಕೆಳಕ್ಕೆ ತಳ್ಳುವುದು. ಬಿಳಿ, ಕರಿ, ಕಂದು, ಕೊಂಬಿನವು, ಉದ್ದ ಉಣ್ಣೆಯವು. ಹಿಂಡು ಹೊಳೆಯಂತೆ ಅಗಲವಾಗುತ್ತ ಹೋಯಿತು. ದೊಡ್ಡಪ್ಪ ಸಾಲಿನ ತುದಿಯಲ್ಲಿ ನಡೆಯುತ್ತಿದ್ದ. ನನ್ನ ಜೊತೆ ಮಾತಿಲ್ಲ. ಸಾಲಿನ ಇನ್ನೊಂದು ಕಡೆ ನಾನು. ಹಾಗಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಮೂರನೆಯ ದಿನ ಮಂಜು ಇಳಿಯಿತು. ನಮ್ಮ ಕಡೆ ಚಳಿಗಾಲದ ಬೆಳಗಿನಲ್ಲಿ ಬರುವ ಮಂಜಲ್ಲ, ಬಿಸಿಲು ಬಂದರೆ ಹೋಗುವಂಥದ್ದಲ್ಲ. ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿದ ಹಾಗೆ. ಹಳ್ಳದ ಹತ್ತಿರ ಬುತ್ತಿಗೆ ನಿಂತಾಗ ಸಿಗ್ರುನ್ ಹೆಗಲು ಮುಟ್ಟುತ್ತ ಬಂದಳು. ಕೊನೆಯವರೆಗೆ ಹೋದಳು. ಇನ್ನೊಮ್ಮೆ ಮೊದಲಿಂದ ಎಣಿಸಿದಳು.

ಒಬ್ಬ ಕಡಿಮೆ.

ಯಾರೆಂದು ನೋಡಬೇಕಾಗಿರಲಿಲ್ಲ. ಆ ಔಷಧಿ ವಾಸನೆಯ ಕಂಬಳಿ ಎಲ್ಲೂ ಇರಲಿಲ್ಲ.

ಸಿಗ್ರುನ್ ಒಂದು ಮಾತು ಹೇಳಿದಳು, ಅಷ್ಟೇ. ಎಲ್ಲರೂ ಬುತ್ತಿ ಮುಚ್ಚಿ ಎದ್ದರು. ವಾಕಿಟಾಕಿಯಲ್ಲಿ ಕೆಳಗಿನ ಊರುಗಳಿಗೆ ಸುದ್ದಿ ಹೋಯಿತು, ಹುಡುಕುವ ಜನ ಹೊರಟರಂತೆ. ನಾಯಿಗಳನ್ನು ಕಟ್ಟಿಹಾಕಿದರು. ಕುರಿಗಳು ಬೇಕಾಬಿಟ್ಟಿ ನಿಂತವು. ಕೆಲವು ಮೆಲ್ಲಗೆ ತಿರುಗಿ ಬಂದ ದಾರಿಯಲ್ಲೇ ಬೆಟ್ಟ ಹತ್ತತೊಡಗಿದವು. ಅಷ್ಟು ಜನ ಬೆವರು ಹರಿಸಿ ಮಾಡಿದ ಕೆಲಸ ಕಣ್ಣೆದುರೇ ಮಂಜಿನೊಳಗೆ ಕರಗುತ್ತಿತ್ತು. ಆ ರೈತರಲ್ಲಿ ಒಬ್ಬರೂ ಅತ್ತ ತಿರುಗಿ ನೋಡಲಿಲ್ಲ. ಕುರಿಗಳ ಕಡೆ ಕಣ್ಣು ಹೋದದ್ದು ನನ್ನದೊಂದೇ.

"ಕುರಿ ಹೋಗುತ್ತಿವೆ," ಅಂದೆ.

"ಹೋಗಲಿ," ಅಂದಳು ಸಿಗ್ರುನ್. "ಅವನಿಗೆ ದಾರಿ ತಪ್ಪಿದೆಯೇ?"

"ಅವನಿಗೆ ದಾರಿ ತಪ್ಪುವುದಿಲ್ಲ. ಎಲ್ಲೋ ಕುರಿ ಬಿದ್ದಿದೆ, ಅದರ ಜೊತೆ ಕೂತಿದ್ದಾನೆ."

"ಕೂತಿದ್ದಾನೆಯೇ? ಈ ಮಂಜಿನಲ್ಲಿ? ಯಾಕೆ?"

ನಮ್ಮ ಕಟ್ಟಳೆ ಹೇಳಿದೆ. ಬಿದ್ದ ಕುರಿಯ ಜೊತೆ ಒಬ್ಬ ಕೂರುತ್ತಾನೆ, ಹಿಂಡು ಮುಂದೆ ಹೋಗುತ್ತದೆ.

"ಕೂತವನಿಗಾಗಿ ವಾಪಸು ಯಾರು ಬರುತ್ತಾರೆ?"

ನಾನು ಬುತ್ತಿಯ ಚೀಲ ಹೆಗಲಿಗೇರಿಸಿದೆ.

"ಎಂಥ ಜನ ನೀವು!" ಅಂದಳು ಸಿಗ್ರುನ್ ಸಿಟ್ಟಿನಿಂದ. "ಕುರಿಗಾಗಿ ಮನುಷ್ಯನನ್ನು ಕೂರಿಸಿ ಹೋಗುವವರು!"

ನಾನು ಎಷ್ಟೋ ವರ್ಷದಿಂದ ದೊಡ್ಡಪ್ಪನಿಗೆ ಹೇಳುತ್ತ ಬಂದ ಮಾತೇ ಅದು. ಆದರೆ ಅವಳ ಬಾಯಲ್ಲಿ ಕೇಳಿದಾಗ ನನಗೆ ತಡೆಯಲಾಗಲಿಲ್ಲ. "ನೀವೆಂಥ ಜನ? ಮರಿಗಳನ್ನು ಇಡೀ ಬೇಸಿಗೆ ಬೆಟ್ಟಕ್ಕೆ ಎಸೆದು ಮನೆಯಲ್ಲಿ ಬೆಚ್ಚಗೆ ಮಲಗುವವರು! ನಮ್ಮ ನೆಲದಲ್ಲಿ ತೋಳ ಇದೆ, ಬಿಟ್ಟರೆ ಬೆಳಿಗ್ಗೆ ಉಣ್ಣೆಯೂ ಸಿಗುವುದಿಲ್ಲ."

"ನಮ್ಮ ನೆಲದಲ್ಲಿ ಇದು ಇದೆ," ಅಂದಳು, ಮಂಜಿನ ಕಡೆ ಕೈ ಚಾಚಿ. "ಇದು ಕುರಿಯನ್ನು ತಿನ್ನುವುದಿಲ್ಲ, ಮನುಷ್ಯನನ್ನು ತಿನ್ನುತ್ತದೆ. ನಡಿ."

ಕೈಗೆ ಕೈ ತಾಗುವಷ್ಟು ಹತ್ತಿರ ಸಾಲು ಕಟ್ಟಿ ಹತ್ತಿದೆವು. ಹೆಜ್ಜೆ ಹೆಜ್ಜೆಗೂ ಅವನಿಗೆ ಬೈಯುತ್ತ ನಡೆದೆ. ಮುದುಕಪ್ಪ, ಇಲ್ಲೇ ಸತ್ತುಗಿತ್ತು ಹೋಗಬ್ಯಾಡ, ನನಗೆ ಉತ್ತರ ಕೊಡದೆ ಹೋಗಬ್ಯಾಡ. ದೊಡ್ಡಮ್ಮನಿಗೆ ನಾನು ಹೋಗಿ ಏನು ಹೇಳಲಿ? ಕುರಿ ಎಷ್ಟು ಹೋದವು ಎಂದು ಆಗಲೂ ಯಾರಾದರೂ ಕೇಳುತ್ತಾರೆ. ಒಂದೂ ಹೋಗಿಲ್ಲ ಎಂದು ನಾನು ಕೈ ಮುಗಿಯಬೇಕೇ? ಅಕ್ಕಪಕ್ಕದವರು ಅವನ ಹೆಸರನ್ನು ತಮ್ಮ ನಾಲಿಗೆಗೆ ಬಂದಂತೆ ಕೂಗುತ್ತಿದ್ದರು. "ಮೈಲರಾಪ್! ಮೈಲರಾಪ್!" ಗುರುತಿಲ್ಲದ ಜನ, ಹುಟ್ಟಿದಾಗಿನಿಂದ ಕೇಳದ ಹೆಸರು, ಗಂಟಲು ಹರಿಯುವಂತೆ ಕೂಗುತ್ತಿದ್ದರು.

ಅವತ್ತು ಇಟ್ಟಿಗಿ ದಾರಿಯಲ್ಲಿ ಬೀರೇಶನ ಹೆಸರನ್ನು ಒಬ್ಬರೂ ಕೂಗಲಿಲ್ಲ.

ನಾನು ಹೆಸರು ಕೂಗಲಿಲ್ಲ. ಕುರಿ ಕರೆಯುವಾಗ ನಮ್ಮವರು ಗಂಟಲಲ್ಲಿ ಹೊರಡಿಸುವ ಹುರ್ರ್ ಎಂಬ ಸದ್ದಿದೆಯಲ್ಲ, ಅದನ್ನು ಮಾಡಿದೆ. ಎಷ್ಟೋ ಸಲ ಮಾಡಿದ ಮೇಲೆ ಎಡಗಡೆಯಿಂದ ಅದೇ ಸದ್ದು ಮರಳಿ ಬಂತು.

ಕರಿ ಕಲ್ಲುಗಳ ನಡುವಿನ ತಗ್ಗಿನಲ್ಲಿ ಕೂತಿದ್ದ. ಕಂಬಳಿಯನ್ನು ತಲೆಯಿಂದ ಇಳಿಬಿಟ್ಟು ಕೊಪ್ಪೆ ಹಾಕಿಕೊಂಡು, ಕೊಪ್ಪೆಯೊಳಗೆ ಕುಂಟು ಕುರಿಯನ್ನು ಒತ್ತಿಕೊಂಡು. ತುಟಿ ನೀಲಿ, ಹಲ್ಲು ಕಟಕಟ. ನನ್ನನ್ನು ನೋಡಿ ಅವನು ಕೇಳಿದ ಮೊದಲ ಮಾತು ಏನಿರಬಹುದು ಹೇಳಿ ನೋಡೋಣ.

"ಹಿಂಡು ಎಲ್ಲಿ ಮುಟ್ಟಿತು?"

ಆ ಕಲ್ಲೊಂದನ್ನು ಎತ್ತಿ ತಲೆಯ ಮೇಲೆ ಹಾಕಿಬಿಡೋಣ ಅನ್ನಿಸಿತು ನನಗೆ.

"ಎಲ್ಲೂ ಮುಟ್ಟಿಲ್ಲ. ಹಳ್ಳದಾಗ ನಿಂತೈತಿ."

"ನಿಂತೈತಿ? ಯಾಕ, ಏನಾತು?"

"ನಿನ್ನ ಸಲುವಾಗಿ ನಿಂತೈತಿ. ಮಧ್ಯಾನದಿಂದ. ಎಲ್ಲಾರೂ ಕುರಿ ಬಿಟ್ಟು ನಿನ್ನ ಹುಡುಕಾಕತ್ತ್ಯಾರ. ಅರ್ಧ ಕುರಿ ಬೆಟ್ಟಕ್ಕ ವಾಪಸು ಹೋದ್ವು."

ಅವನು ನಂಬಲಿಲ್ಲ. ಅಷ್ಟರಲ್ಲಿ ಮಂಜಿನೊಳಗಿಂದ ಒಬ್ಬೊಬ್ಬರೇ ಬಂದು ತಗ್ಗಿನ ಸುತ್ತ ನಿಂತರು. ಒಬ್ಬ ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿದ. ಇನ್ನೊಬ್ಬ ಫ್ಲಾಸ್ಕಿನಿಂದ ಬಿಸಿ ಕಾಫಿ ಬಗ್ಗಿಸಿಕೊಟ್ಟ. ದೊಡ್ಡಪ್ಪ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಮಗುವಿನಂತೆ ಕೇಳಿದ.

"ಕೆಂಚಿ, ಹಿಂಡು ನಿಲ್ತೈತಾ?"

"ನಿಲ್ತೈತಿ ದೊಡ್ಡಪ್ಪ," ಅಂದೆ. "ನಿಲ್ಲಿಸಿದ್ರ ನಿಲ್ತೈತಿ. ಅವತ್ತೂ ನಿಲ್ತಿತ್ತು."

ಅವನು ಕಾಫಿಯ ಬಟ್ಟಲನ್ನು ಕಲ್ಲಿನ ಮೇಲಿಟ್ಟ. "ನನ್ನ ಕೂಸ ಬೀರೇಶಾ," ಅಂದ. ಕಂಬಳಿ ತಲೆಯ ಮೇಲೆ ಎಳೆದುಕೊಳ್ಳಲು ಹೋದ. ನಾನು ಕೈ ಹಿಡಿದು ಎಳೆಯಗೊಡಲಿಲ್ಲ. ಅಷ್ಟು ಜನರ ಮುಂದೆ, ಮುಖ ಮುಚ್ಚದೆ ಅವನು ಅತ್ತ. ನನಗೆ ಕನಿಕರ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಸಿಟ್ಟೇ. ಇಷ್ಟು ಸಣ್ಣ ಸಂಗತಿ ತಿಳಿಯಲು ಇಷ್ಟು ದೂರ ಬರಬೇಕಾಯಿತಲ್ಲ ಎಂಬ ಸಿಟ್ಟು.

ಸಿಗ್ರುನ್ ಬಂದವಳೇ ತನ್ನ ಭಾಷೆಯಲ್ಲಿ ಬೈಯತೊಡಗಿದಳು. ಅಷ್ಟು ಮಾತು ಆಕೆಯ ಬಾಯಿಂದ ನಾನು ಒಟ್ಟು ಪ್ರವಾಸದಲ್ಲೇ ಕೇಳಿರಲಿಲ್ಲ. ದೊಡ್ಡಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ.

"ಏನಂತಾಳ?"

"ಕುರಿ ಬಿಟ್ಟು ಬರಬೇಕಾಗಿತ್ತು ಅಂತಾಳ."

"ಹೇಳಾಕಿಗೆ, ನಾ ಬಿಡಂಗಿಲ್ಲ," ಅಂದ, ಮೂಗು ಒರೆಸಿಕೊಳ್ಳುತ್ತ. "ಆಕಿ ಬೇಕಾದಷ್ಟು ಬೈಯಲಿ. ಈ ಕುರಿ ಬಿಟ್ಟು ನಾ ಏಳಂಗಿಲ್ಲ."

ಹೇಳಿದೆ. ಸಿಗ್ರುನ್ ಅವನನ್ನು ದುರುಗುಟ್ಟಿ ನೋಡಿದಳು. ಬಗ್ಗಿ ಕುರಿಯ ನಾಲ್ಕೂ ಕಾಲು ಸೇರಿಸಿ ಹಿಡಿದು, ಎತ್ತಿ ತನ್ನ ಕುದುರೆಯ ಬೆನ್ನಿನ ಮೇಲೆ ಅಡ್ಡ ಹಾಕಿದಳು. ಕುರಿಯ ಕಿವಿಯ ಗುರುತು ನೋಡಿದರೆ ಅದು ಆಕೆಯದಲ್ಲ, ಯಾರೋ ನೆರೆಯವರದು. ದೊಡ್ಡಪ್ಪನನ್ನು ತೋಳು ಹಿಡಿದು ಎಬ್ಬಿಸಿದಳು. ಅವನ ಹೆಗಲು ಮುಟ್ಟಿ ಒಂದು ಅಂಕಿ ಹೇಳಿದಳು. ಎಣಿಕೆ ತುಂಬಿತು. ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾಗದ ಭಾಷೆಯಲ್ಲಿ ಗೊಣಗುತ್ತಲೇ ಬೆಟ್ಟ ಇಳಿದರು.

ಮತ್ತೆ ಕಾನಹೊಸಹಳ್ಳಿ

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ: ಅಲ್ಲಿನ ಕುರಿ ಎಷ್ಟು ಭಾರ ಬರ್ತಾವು? ದೊಡ್ಡಪ್ಪ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮಿಬ್ಬರ ನಡುವೆ ಮಾತು ಹೆಚ್ಚೇನೂ ಬೆಳೆಯಲಿಲ್ಲ. ಅವನು ನನ್ನನ್ನು ಕಂಡರೆ ಎದ್ದು ಹೋಗುವುದು ನಿಂತಿತು, ಅಷ್ಟೇ. ಒಂದು ಸಂಜೆ ನಮ್ಮ ಮನೆಗೆ ಬಂದು, ಅಮ್ಮನ ಮುಂದೆ ಬಹಳ ಹೊತ್ತು ಕೂತು ಹೋದ. ಅಮ್ಮ ಅವನಿಗೆ ನೀರು ಕೊಟ್ಟಳು, ಚಹಾ ಕೊಡಲಿಲ್ಲ. ನನ್ನ ಸಿಟ್ಟು ಹೋಯಿತೇ ಎಂದು ಕೇಳಬೇಡಿ. ಹೋಗಿಲ್ಲ. ಹೋಗುವುದೂ ಬೇಡ.

ದೀಪಾವಳಿಯಾದ ಮೇಲೆ ಹಿಂಡು ಹೊಳೆಸಾಲಿಗೆ ಹೊರಟಿತು. ನಾನು ಸಂಘದ ಕೆಲಸಕ್ಕೆ ಕೂಡ್ಲಿಗಿಗೆ ಹೋಗುವ ಬಸ್ಸಿನಲ್ಲಿದ್ದೆ. ಊರ ಹೊರಗಿನ ಹೈವೇಯಲ್ಲಿ ಬಸ್ಸು ನಿಂತಿತು. ನಿಂತದ್ದು ನಿಂತೇ ಇತ್ತು. ಕಿಟಕಿಯಿಂದ ನೋಡಿದರೆ ರಸ್ತೆ ತುಂಬ ಕುರಿ. ಎದುರಿಗೆ ಸಾಲುಗಟ್ಟಿದ ಲಾರಿಗಳು, ಎಲ್ಲವೂ ಹಾರ್ನು ಹೊಡೆಯುತ್ತಿವೆ. ನಟ್ಟನಡುವೆ ಕಂಬಳಿ ಹೊದ್ದು ದೊಡ್ಡಪ್ಪ, ಕೋಲು ಅಡ್ಡ ಹಿಡಿದು, ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತಿದ್ದಾನೆ.

ಲಾರಿ ಡ್ರೈವರನೊಬ್ಬ ಇಳಿದು ಬಂದು ತಾಯಿ ಹಿಡಿದು ಬೈದ. ದೊಡ್ಡಪ್ಪ ತಿರುಗಿ ಗುಡುಗಿದ, "ಹಿಂಡು ನಿಂತೈತಿ ಕಾಣವಲ್ದೇನು? ನೀನೂ ನಿಲ್ಲು!"

ಬಸ್ಸಿನೊಳಗೂ ಕೂಗಾಟ. ಒಬ್ಬನಿಗೆ ಕೋರ್ಟು, ಒಬ್ಬಳಿಗೆ ಆಸ್ಪತ್ರೆ. "ಈ ಕುರುಬರಿಗೆ ಹೇಳೋರು ಕೇಳೋರು ಯಾರೂ ಇಲ್ಲ," ಎಂದು ಹಿಂದಿನ ಸೀಟಿನವನು ಹಲ್ಲು ಕಡಿದ. ಕಂಡಕ್ಟರ್ ನಮ್ಮೂರವನೇ, ನನ್ನ ಹತ್ತಿರ ಬಂದ.

"ಅಕ್ಕಾರ, ನಿಮ್ಮ ದೊಡ್ಡಪ್ಪಾರಲ್ಲೇನ್ರಿ ಅವರು? ಇಳಿದು ಒಂದು ಮಾತು ಹೇಳ್ರಿ, ಹಿಂಡು ಆ ಕಡಿ ಹೊಡಕೊಂಡು ಹೋಗ್ಲಿ."

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದೆ. ಬಹಳ ದೂರದಲ್ಲಿ, ರಸ್ತೆಯ ಅಂಚಿಗೆ, ಕುರಿಗಾರನೊಬ್ಬ ಕಾಲಿಗೆ ಮುಳ್ಳು ಮುರಿದುಕೊಂಡು ಕುಂಟುತ್ತ ಬರುತ್ತಿದ್ದ. ಹೆಗಲ ಮೇಲೆ ಒಂದು ಮರಿ.

"ನಾ ಹೇಳಂಗಿಲ್ಲ," ಅಂದೆ. "ಹಿಂದ ಒಬ್ಬ ಉಳಿದಾನ. ಅವ ಬರೋತನಕ ನಿಲ್ತೈತಿ."